ಮನವಿ ಮುಖಂಡ

ಮನವಿ ಮುಖಂಡನು ಪದವಿ ಕಾಲೇಜಿನ ಎರಡನೇ ವರ್ಷದಲ್ಲಿ ತಲೆಯೆತ್ತಿ, ಮೂರನೇ ವರ್ಷದಲ್ಲಿ ಬಲಿತು, ಪಾಸಾಗದ ವಿಷಯಗಳಿದ್ದರೆ ಇನ್ನೂ ಒಂದೆರಡು ವರ್ಷ ಕಾಲೇಜಿನ ಗೇಟಿನ ಬಳಿ ಬಾಳುವ ವಿದ್ಯಾರ್ಥಿ. ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಹೇರಳವಾಗಿದ್ದಾನೆ. ಗಟ್ಟಿ ತಳಿ ಬೇಕಿದ್ದರೆ ದರೋಜಿಯದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಜೇಬಿನಲ್ಲಿ ಎರಡು ಪೆನ್ನು. ಒಂದು ತನ್ನ ಸಹಿಗೆ, ಇನ್ನೊಂದು ಪೆನ್ನು ಮರೆತು ಬರುವ ಅಧಿಕಾರಿಗೆ. ಕಿರಿಯರು ಅವನನ್ನು ‘ಅಣ್ಣಾರು’ ಎನ್ನುತ್ತಾರೆ. ಹಾಜರಿ ಕೂಗುವ ಮೇಷ್ಟ್ರು ಅವನ ಹೆಸರು ಬಂದಾಗ ತಲೆ ಎತ್ತುವುದೇ ಇಲ್ಲ.

ಅವನಿಗೆ ವಿಷಯ ಹುಡುಕುವ ಕಷ್ಟವಿಲ್ಲ, ಪೇಪರಿನಲ್ಲೇ ಬರುತ್ತದೆ. 2023ರ ಕೊನೆಗೆ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣ ಪತ್ತೆ ಮತ್ತು ಹತ್ಯೆಯ ಜಾಲವೊಂದನ್ನು ಹಿಡಿದರು. ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದು ಬಯಲಾಯಿತು. ಇಂಥ ಸುದ್ದಿ ಓದಿದಾಗ ಮುಖಂಡ ನಿಜವಾಗಿಯೇ ಬೆಚ್ಚುತ್ತಾನೆ. ಅದರಲ್ಲಿ ಅನುಮಾನ ಬೇಡ, ಅವನಿಗೂ ಅಕ್ಕತಂಗಿಯರಿದ್ದಾರೆ. ಬೆಚ್ಚಿದ ಹತ್ತೇ ನಿಮಿಷಕ್ಕೆ ಫ್ಲೆಕ್ಸ್ ಅಂಗಡಿಗೆ ಫೋನ್ ಹೋಗುತ್ತದೆ ಎಂಬುದಷ್ಟೇ ಅವನ ವಿಶೇಷ. ‘ಹೆಣ್ಣು ಭ್ರೂಣ ಹತ್ಯೆ ತಡೆಗೆ ಕೂಡಲೇ ಕಾನೂನು ತರಬೇಕು’ ಎಂಬ ಫ್ಲೆಕ್ಸಿನಲ್ಲಿ ಒಂದು ಮೂಲೆಗೆ ಕೂಸಿನ ಚಿತ್ರ, ಉಳಿದ ಜಾಗದಲ್ಲೆಲ್ಲ ಮುಖಂಡ.

ಕಾನೂನು ಬಂದು ಎಷ್ಟೋ ಕಾಲವಾಗಿದೆ. ಭ್ರೂಣಲಿಂಗ ಪತ್ತೆ ನಿಷೇಧಿಸುವ ಕೇಂದ್ರದ ಕಾಯ್ದೆ 1994ರದು. 1996ರ ಜನವರಿ 1ರಿಂದ ಜಾರಿಯಲ್ಲಿದೆ, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಮೊದಲ ತಪ್ಪಿಗೇ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ದರೋಜಿಯ ಕರಡಿಧಾಮ ಘೋಷಣೆಯಾದದ್ದೂ 1994ರಲ್ಲೇ. ಕರಡಿಗೂ ಹುಟ್ಟಬೇಕಾದ ಹೆಣ್ಣು ಕೂಸಿಗೂ ಸರ್ಕಾರ ಒಂದೇ ವರ್ಷದಲ್ಲಿ ಕಾವಲು ಕೊಟ್ಟಿತು. ಕರಡಿಯದು ಊರಿಗೆಲ್ಲ ಗೊತ್ತು, ಸಂಜೆ ಎಷ್ಟು ಗಂಟೆಗೆ ಬಂಡೆಯಿಂದ ಇಳಿಯುತ್ತದೆ ಎಂಬುದೂ ಗೊತ್ತು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಸ್ಕ್ಯಾನಿಂಗ್ ಕೇಂದ್ರಗಳಲ್ಲೆಲ್ಲ ಇರಲೇಬೇಕು. ಅಕ್ಕನ ಜೊತೆ ಹೋದಾಗ ಮುಖಂಡ ಅದರ ಕೆಳಗೇ ಕುಳಿತು ಮೊಬೈಲ್ ನೋಡಿರುತ್ತಾನೆ.

ಮನವಿಯ ಕರಡು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಒಗ್ಗರಣಿ ಮಿರ್ಚಿಯ ಸಮಕ್ಷಮದಲ್ಲಿ ತಯಾರಾಗುತ್ತದೆ. ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಲ್ಲಿಂದ ‘ತಪ್ಪಿದಲ್ಲಿ ಉಗ್ರ ಹೋರಾಟ’ ಎಂಬಲ್ಲಿಯವರೆಗೆ ಹಳೇ ಫೈಲಿನಲ್ಲೇ ಇದೆ. ನಡುವೆ ಬೇಡಿಕೆ ತುಂಬಿದರಾಯಿತು. ಒಂದನೇ ಬೇಡಿಕೆ ಭ್ರೂಣ ಹತ್ಯೆಯದು. ಅಷ್ಟರಲ್ಲಿ ಒಬ್ಬ ‘ಅಣ್ಣಾ, ಬಸ್ ಪಾಸಿಂದೂ ಹಾಕ್ರಿ’ ಎನ್ನುತ್ತಾನೆ. ಇನ್ನೊಬ್ಬನಿಗೆ ಹಾಸ್ಟೆಲಿನ ನೀರು, ಮತ್ತೊಬ್ಬನಿಗೆ ರೈಲು ನಿಲುಗಡೆ, ಹೊಲ ಇದ್ದವನಿಗೆ ಕರಡಿ ತಿಂದ ಬೆಳೆಯ ಪರಿಹಾರ. ಯಾರ ಮನಸ್ಸನ್ನೂ ನೋಯಿಸದವನೇ ಮುಖಂಡ. ಹೀಗೆ ಗರ್ಭದಲ್ಲಿದ್ದ ಹೆಣ್ಣು ಕೂಸು ಎರಡನೇ ಪುಟಕ್ಕೆ ಹೋಗುವ ಹೊತ್ತಿಗೆ ಬಸ್ಸಿನಲ್ಲಿ ನಿಂತಿರುತ್ತದೆ.

ಉತ್ಸಾಹ ಹೆಚ್ಚಾದವನೊಬ್ಬ ‘ಗರ್ಭಪಾತವನ್ನೇ ನಿಷೇಧಿಸಬೇಕು’ ಎಂದೂ ಸೇರಿಸುತ್ತಾನೆ. ಅಮೆರಿಕದಲ್ಲಿ ವಿದ್ಯಾರ್ಥಿಗಳು ಗರ್ಭಪಾತ ಬೇಡವೆಂದು ಕೆಲವರು, ಅದು ಹೆಣ್ಣಿನ ಹಕ್ಕೆಂದು ಕೆಲವರು, ದಿನ ಗೊತ್ತುಮಾಡಿಕೊಂಡು ಶಾಸಕರ ಬಾಗಿಲು ತಟ್ಟುವುದುಂಟು. ಇಲ್ಲಿಯ ತಕರಾರೇ ಬೇರೆ. ಇದನ್ನು ತಿಳಿಸಿ ಹೇಳುವವಳು ಸಾಮಾನ್ಯವಾಗಿ ಹಿಂದಿನ ಸಾಲಿನ ಹುಡುಗಿ, ತಾಯಿ ಆಶಾ ಕಾರ್ಯಕರ್ತೆ. ವೈದ್ಯಕೀಯ ಗರ್ಭಪಾತಕ್ಕೆ 1971ರ ಕಾಯ್ದೆ ಅವಕಾಶ ಕೊಟ್ಟಿದೆ. 2021ರ ತಿದ್ದುಪಡಿ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು ಮುಂತಾದವರಿಗೆ ಅದನ್ನು 24 ವಾರದವರೆಗೆ ಹಿಗ್ಗಿಸಿದೆ. ಹೆಣ್ಣೆಂದು ತಿಳಿದು ತೆಗೆಸುವುದು ಅಪರಾಧ. ಎರಡನ್ನೂ ಕಲಸಿದರೆ ಕಷ್ಟಪಡುವವಳು ಮತ್ತೆ ಹೆಣ್ಣೇ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮುಖಂಡ ‘ಕರೆಕ್ಟ್, ನಾನೂ ಅದನ್ನೇ ಹೇಳಾಕತ್ತಿದ್ದೆ’ ಎಂದು ಆ ಸಾಲನ್ನು ಹೊಡೆದುಹಾಕಿಸುತ್ತಾನೆ. ಜೊತೆಗೆ ಅವಳಿಗೆ ಸಮಾಧಾನವಾಗಲೆಂದು ಅವಳದೂ ಒಂದು ಬೇಡಿಕೆಯನ್ನು ಕೊನೆಗೆ ಸೇರಿಸುತ್ತಾನೆ: ಸ್ಕ್ಯಾನಿಂಗ್ ಕೇಂದ್ರಗಳು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೊಡಬೇಕಾದ ವರದಿ ಈ ತಾಲ್ಲೂಕಿನಲ್ಲಿ ಬರುತ್ತಿದೆಯೇ, ಗರ್ಭಿಣಿಯರ ಸ್ಕ್ಯಾನಿಂಗ್ ವಿವರ ಬರೆದಿಡುವ ಎಫ್ ನಮೂನೆಗಳನ್ನು ಯಾರಾದರೂ ತೆರೆದು ನೋಡುತ್ತಿದ್ದಾರೆಯೇ, ತಿಳಿಸಬೇಕು.

ಮನವಿಯನ್ನು ಎಲ್ಲಿ ಕೊಡಬೇಕೆಂಬುದು ದರೋಜಿಯವರಿಗೆ ಸಣ್ಣ ಪ್ರಶ್ನೆಯಲ್ಲ. ಕಾಲೇಜು, ಗೆಳೆಯರು, ಸಿನಿಮಾ ಹೊಸಪೇಟೆಯಲ್ಲಿ. ಆದರೆ 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ತಾಲ್ಲೂಕಿನ ದರೋಜಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಘೋಷಣೆ ಕೂಗಿ ಗಂಟಲು ಹರಿದುಕೊಂಡ ಮೇಲೆ, ‘ನಿಮ್ಮದು ಬಳ್ಳಾರಿ ಜಿಲ್ಲೆ ಬರ್ತದಲ್ರೀ’ ಎಂದು ಗುಮಾಸ್ತರು ಮೆಲ್ಲಗೆ ಹೇಳುತ್ತಾರೆ. ಹಾಗಾಗಿ ಅನುಭವಿ ಮುಖಂಡ ‘ಮುಖಾಂತರ’ ಎಂಬ ಪದದ ಮುಂದೆ ಜಾಗ ಖಾಲಿ ಬಿಟ್ಟಿರುತ್ತಾನೆ.

ಅವನ ಜಾತ್ರೆ ಮಾತ್ರ ಬೆಳಗಾವಿಯದು. 2012ರ ಅಕ್ಟೋಬರಿನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಂದಿನಿಂದ ಉತ್ತರ ಕರ್ನಾಟಕದ ಮನವಿಗಳಿಗೆಲ್ಲ ಚಳಿಗಾಲದ ಅಧಿವೇಶನವೇ ಸುಗ್ಗಿ. ರಾತ್ರಿ ಕ್ರೂಸರಿನಲ್ಲಿ ಹನ್ನೆರಡು ಜನರ ಜಾಗದಲ್ಲಿ ಹದಿನೆಂಟು ಜನ ಕುಳಿತು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟುತ್ತಾರೆ. ಹುಡುಗಿಯರನ್ನು ಮನೆಯಲ್ಲಿ ಕಳಿಸುವುದಿಲ್ಲವಾದ್ದರಿಂದ ಹೆಣ್ಣು ಕೂಸಿನ ಪರವಾಗಿ ಹೋಗುವವರೆಲ್ಲ ಗಂಡುಮಕ್ಕಳೇ. ಪ್ರತಿಭಟನೆಗೆಂದು ಹಾಕಿದ ಟೆಂಟುಗಳಲ್ಲಿ ಒಂದರ ಅಂಚಿಗೆ ಜಾಗ ಸಿಗುತ್ತದೆ. ಪಕ್ಕದವರು ಕಬ್ಬಿನ ದರ ಕೇಳುತ್ತಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರು ಇವರ ಘೋಷಣೆಗೂ ಇವರು ಅವರ ಘೋಷಣೆಗೂ ‘ಬೇಕೇ ಬೇಕು’ ಎನ್ನುವಷ್ಟು ಸ್ನೇಹವಾಗುತ್ತದೆ. ಸಚಿವರು ಬಂದರೆ ಒಂದು ನಿಮಿಷ. ಆ ನಿಮಿಷದಲ್ಲಿ ಕಾಗದ ಸಚಿವರ ಕೈಯಲ್ಲೂ ಮುಖಂಡನ ಕೈಯಲ್ಲೂ ಏಕಕಾಲಕ್ಕೆ ಇರಬೇಕು, ಇಬ್ಬರೂ ಕ್ಯಾಮೆರಾ ನೋಡಬೇಕು. ಸಚಿವರಿಗೆ ಇದರಲ್ಲಿ ಮುಖಂಡನಿಗಿಂತ ಹೆಚ್ಚು ಅನುಭವ. ಫೋಟೊ ಸರಿಯಾಗಿ ಬರುವವರೆಗೆ ಅವರು ಕಾಗದ ಎಳೆದುಕೊಳ್ಳುವುದಿಲ್ಲ.

ಮನವಿಗೆ ಉತ್ತರ ಬರುವ ಪದ್ಧತಿಯಿಲ್ಲ. ಅಪರೂಪಕ್ಕೊಮ್ಮೆ ಮಾತ್ರ, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಒಂದು ಪತ್ರ ಬರುತ್ತದೆ. ಕಾನೂನು ತರುವ ಬಗ್ಗೆಯಾಗಲಿ ಬಸ್ ಪಾಸಿನ ಬಗ್ಗೆಯಾಗಲಿ ಅದರಲ್ಲಿ ಒಂದಕ್ಷರವಿಲ್ಲ. ಕೊನೆಯ ಬೇಡಿಕೆಯ ಬಗ್ಗೆ ಮಾಹಿತಿ ಸಿದ್ಧವಿದೆ, ಗುರುವಾರ ಬೆಳಿಗ್ಗೆ 11ಕ್ಕೆ ಬಂದು ನೋಡಬಹುದು ಎಂದಷ್ಟೇ ಇದೆ. ಮುಖಂಡ ಅದರ ಫೋಟೊ ತೆಗೆದು ‘ಹೋರಾಟಕ್ಕೆ ಸಂದ ಜಯ’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ, ಎಂಬತ್ತು ಜನ ಕೈಮುಗಿಯುತ್ತಾರೆ. ಗುರುವಾರ ಅವನಿಗೆ ಕಂಪ್ಲಿಯಲ್ಲಿ ಬೇರೊಂದು ಮನವಿ ಇರುತ್ತದೆ. ಸಂಡೂರಿಗೆ ಹೋಗುವವಳು ಹಿಂದಿನ ಸಾಲಿನ ಹುಡುಗಿ, ಜೊತೆಗೆ ಅವಳ ತಾಯಿ. ಇಬ್ಬರೂ ಸರ್ಕಾರಿ ಬಸ್ಸಿನಲ್ಲಿ.