ಯಾವ ಮೀಟಿಂಗಲ್ಲಿ ಪಾಸಾಯ್ತು?

ಊರಿನ ಹೆಸರು ಬೇಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರರಲ್ಲಿ ಒಂದು ಅಂದುಕೊಳ್ಳಿ. ಒಂದಕ್ಕೆ ನಗರಸಭೆ, ಒಂದಕ್ಕೆ ಪಟ್ಟಣ ಪಂಚಾಯಿತಿ, ಇನ್ನೊಂದಕ್ಕೆ ಪುರಸಭೆ. ಯಾವುದೆಂದು ಬಾಯಿಬಿಟ್ಟರೆ, ‘ಸದರಿ ಲೇಖನದಲ್ಲಿ ನಮೂದಿಸಿರುವ ಅಂಶಗಳಿಗೆ ಆಧಾರವೇನು’ ಎಂಬ ಅರ್ಜಿ ನನ್ನ ಮನೆಗೇ ಬರುತ್ತದೆ. ಬರೆಯುವವರು ನಮ್ಮ ಮೇಷ್ಟ್ರು. ಅದರ ಕರಡು ತಿದ್ದಿಕೊಡು ಅಂತ ಕರೆಯುವುದೂ ನನ್ನನ್ನೇ.

ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದಾರೆ. ನಿವೃತ್ತರು. ಟಿವಿಎಸ್ ಎಕ್ಸೆಲ್ ಮೇಲೆ ಓಡಾಡುತ್ತಾರೆ. ಹ್ಯಾಂಡಲ್ಲಿಗೆ ಒಂದು ಕೈಚೀಲ, ಅದರ ಮೇಲಿದ್ದ ಜವಳಿ ಅಂಗಡಿಯ ಹೆಸರು ಅಳಿಸಿ ಎಷ್ಟೋ ಕಾಲವಾಗಿದೆ. ಚೀಲದೊಳಗೆ ಅರ್ಜಿ, ಅರ್ಜಿಯ ಜೆರಾಕ್ಸು, ಅರ್ಜಿಗೆ ಬಂದ ಹಿಂಬರಹ, ಹಿಂಬರಹದ ಜೆರಾಕ್ಸು. ಟಪಾಲು ಶಾಖೆಯ ಸೀಲು ಬೀಳದ ಕಾಗದ ಅವರ ಲೆಕ್ಕದಲ್ಲಿ ಕಾಗದವೇ ಅಲ್ಲ. ಮಗಳ ಲಗ್ನಪತ್ರಿಕೆ ಹಂಚಲು ಹೋದಾಗ ಎರಡನೇ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ ಹಾಕಿಸಿಕೊಂಡರೆಂದು ಊರು ಹೇಳುತ್ತದೆ. ನನ್ನ ಹತ್ತಿರ ಹಾಕಿಸಿಕೊಳ್ಳಲಿಲ್ಲ, ಆದರೂ ನಂಬುತ್ತೇನೆ.

ಹೈಸ್ಕೂಲಲ್ಲಿ ಅವರು ನನಗೆ ಕನ್ನಡ ಹೇಳಿಕೊಟ್ಟವರು. ನಾನು ಪತ್ರಿಕೆಗಳಿಗೆ ಒಂದಿಷ್ಟು ಬರೆಯುತ್ತೇನೆಂದು ಗೊತ್ತಾದ ದಿನದಿಂದ ಅವರ ಕಚೇರಿಗೆ ಬಿಟ್ಟಿ ಗುಮಾಸ್ತ ಸಿಕ್ಕಂತಾಯಿತು. ಬೆಳಿಗ್ಗೆ ಗೇಟಿನ ಹತ್ತಿರ ಎಕ್ಸೆಲ್ ಸದ್ದು ಕೇಳಿದರೆ ನನ್ನ ಹೆಂಡತಿ, ‘ಬಂದ್ರು ನೋಡಿ ನಿಮ್ಮ ಸಂಪಾದಕರು’ ಅನ್ನುತ್ತಾಳೆ. ಮಾತು ತಪ್ಪಲ್ಲ. ನನ್ನ ಬರಹದ ವಿಶೇಷಣಗಳನ್ನೆಲ್ಲ ಕತ್ತರಿಸಿ ಬಿಸಾಡಿದ ಸಂಪಾದಕರು ಅವರೊಬ್ಬರೇ.

ಅವರ ಪ್ರಶ್ನೆ ಒಂದೇ. ಊರಿನ ಮಾಸ್ಟರ್ ಪ್ಲಾನು ಯಾವ ಮೀಟಿಂಗಲ್ಲಿ ಪಾಸಾಯ್ತು?

ಈ ಪ್ರಶ್ನೆಗೆ ಹೊತ್ತುಗೊತ್ತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಎದುರು ಸಾಲಲ್ಲಿ ವಾರ್ಡಿನ ಮೆಂಬರು ಕೂತಿದ್ದರು. ಎಲೆಗೆ ಕಾಯಿಹೋಳಿಗೆ ಬಿದ್ದಿತ್ತು.

‘ಮೆಂಬರ್ರೇ, ಆ ಪ್ಲಾನು ಯಾವ ಮೀಟಿಂಗಲ್ಲಿ ಪಾಸಾಯ್ತು?’

‘ಅಯ್ಯೋ, ಅದು ಮೇಲಿಂದ ಬಂದಿದ್ದು ಮೇಷ್ಟ್ರೇ.’

‘ಮೇಲಿಂದ ಬರೋಕೆ ಅದೇನು ಮಳೆನಾ? ಯಾರು ಕೈ ಎತ್ತಿದ್ರು?’

ಮೆಂಬರು ಕೈ ಎತ್ತಿದರು, ತುಪ್ಪ ಬಡಿಸುವವನನ್ನು ಕರೆಯಲು.

ನಿಜ ಹೇಳಬೇಕೆಂದರೆ ಆ ಮೆಂಬರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಮೇಷ್ಟ್ರ ದೆಸೆಯಿಂದ ಓದಬಾರದ್ದನ್ನೆಲ್ಲ ಓದಿದ್ದೇನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಮಹಾಯೋಜನೆ ತಯಾರಿಸುವುದು ಯೋಜನಾ ಪ್ರಾಧಿಕಾರ. ಮೊದಲು ತಾತ್ಕಾಲಿಕ ಒಪ್ಪಿಗೆ ಕೊಡುವುದು ಸರ್ಕಾರ. ಆಮೇಲೆ ಅದನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಬಂದ ಆಕ್ಷೇಪಣೆಗಳನ್ನು ನೋಡಿ ಪ್ರಾಧಿಕಾರ ತಿದ್ದಿದರೆ ತಿದ್ದೀತು. ಕೊನೆಯ ಮುದ್ರೆ ಮತ್ತೆ ಸರ್ಕಾರದ್ದೇ. ನಾವು ಓಟು ಹಾಕಿ ಕಳಿಸಿದ ಕೌನ್ಸಿಲ್ಲು ಪ್ಲಾನಿಗೆ ಕೈ ಎತ್ತಲೇಬೇಕು ಅಂತ ಕಾಯ್ದೆ ಕೇಳುವುದಿಲ್ಲ. ಹಾಗಿದ್ದೂ ರಸ್ತೆ ಅಗಲವಾದರೆ ‘ನಾವೇ ಪಾಸ್ ಮಾಡಿಸಿದ್ದು’ ಅಂತ ಫ್ಲೆಕ್ಸು, ಮನೆ ಒಡೆದರೆ ‘ಮೇಲಿಂದ ಬಂತು’. ಮೇಷ್ಟ್ರಿಗೆ ಈ ವಿಷಯ ಬಿಡಿಸಿ ಹೇಳಿದೆ. ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ‘ಹಂಗಾದ್ರೆ ಎರಡು ಅರ್ಜಿ ಆಯ್ತು ಕಣಯ್ಯ, ಅಲ್ಲಿಗೊಂದು ಇಲ್ಲಿಗೊಂದು’ ಅಂದರು.

ಆ ಎರಡರಲ್ಲಿ ಒಂದು ಅರ್ಜಿಯ ಕತೆಯನ್ನು ನಾನು ಹೇಳಿಯೇ ತೀರಬೇಕು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ, ಅದೆಲ್ಲ ಸರಿ. ಕಷ್ಟ ಬಂದದ್ದು ಕರ್ನಾಟಕದ ನಿಯಮದಿಂದ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ ನೂರೈವತ್ತು ಪದ ಮೀರಬಾರದು. ಮೂರು ದಶಕ ತರಗತಿಯಲ್ಲಿ ಗಂಟೆ ಹೊಡೆದರೂ ನಿಲ್ಲಿಸದೆ ಮಾತಾಡಿದ ಮನುಷ್ಯನಿಗೆ ನೂರೈವತ್ತು ಪದ! ಅವರ ಪೀಠಿಕೆಯೇ ಇನ್ನೂರು ದಾಟಿತ್ತು. ಕತ್ತರಿಸೋಣ ಅಂದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ‘ಕತ್ತರಿಸೋದ್ಯಾಕೆ? ಸೇರಿಸೋಣ’ ಅಂದರು.

ಪಂಪ ರನ್ನರಿಗೆ ಸಂಧಿ ಸಮಾಸಗಳು ಛಂದಸ್ಸಿಗೆ ಒದಗಿದ್ದವು. ನಮ್ಮ ಮೇಷ್ಟ್ರಿಗೆ ಪ್ರಜಾಪ್ರಭುತ್ವಕ್ಕೆ ಒದಗಿದವು. ‘ಮಹಾಯೋಜನೆಯ ಅನುಮೋದನೆಗೆ ಸೇರಿದ ಸಭೆ’ ಅಂದರೆ ನಾಲ್ಕು ಪದ, ‘ಮಹಾಯೋಜನಾನುಮೋದನಾಸಭೆ’ ಅಂದರೆ ಒಂದೇ. ‘ದೃಢೀಕೃತಪ್ರತಿ’ ಒಂದು. ‘ಆಕ್ಷೇಪಣಾಪರಿಶೀಲನಾಪಟ್ಟಿ’ ಒಂದು. ರಾತ್ರಿ ಎಂಟಕ್ಕೆ ಶುರುವಾದ ಕೆಲಸ ಹನ್ನೊಂದರ ಹೊತ್ತಿಗೆ ನೂರೈವತ್ತರ ಹತ್ತಿರ ಬಂತು. ಆಗ ಸಿಕ್ಕಿಹಾಕಿಕೊಂಡಿತು ‘ಸಭಾನಡಾವಳಿ’.

‘ಸಭಾ ಸಂಸ್ಕೃತ, ನಡಾವಳಿ ಕನ್ನಡ. ಅರಿಸಮಾಸ ಆಗೋಯ್ತಲ್ಲೋ!’

‘ಯಾರು ನೋಡ್ತಾರೆ ಮೇಷ್ಟ್ರೇ, ಹಾಕಿ.’

‘ಬಿರುದಾವಳಿಗೆ ಆಗಬಹುದು ಅಂತ ಕೇಶಿರಾಜ ಬಿಟ್ಟಿದ್ದಾನೆ. ಹಿಂದಿನ ಕವಿಗಳು ಮಾಡಿದ್ದಕ್ಕೂ ಬಿಟ್ಟಿದ್ದಾನೆ. ಆರ್‌ಟಿಐ ಅರ್ಜಿಗೆ ಬಿಟ್ಟಿಲ್ಲ.’

ಹದಿಮೂರನೇ ಶತಮಾನದ ವ್ಯಾಕರಣಕಾರನೂ ಇಪ್ಪತ್ತೊಂದನೆಯದರ ಗುಮಾಸ್ತನೂ ನನ್ನ ಊಟದ ಮೇಜಿನ ಮೇಲೆ ಎದುರುಬದುರಾದರು, ಗೆದ್ದದ್ದು ಕೇಶಿರಾಜ. ‘ನಡಾವಳಿ’ ಹೋಗಿ ಅಪ್ಪಟ ಸಂಸ್ಕೃತದ ‘ಸಭಾಕಾರ್ಯಕಲಾಪ’ ಬಂತು. ಒಟ್ಟು ನೂರ ನಲವತ್ತೆಂಟು ಪದ. ಉಳಿದ ಎರಡರಲ್ಲಿ ಮೇಷ್ಟ್ರು ‘ದಯವಿಟ್ಟು ಒದಗಿಸಿ’ ಅಂತ ಸೇರಿಸಿದರು.

ಗಡುವಿಗೆ ಒಂದು ದಿನ ಉಳಿದಿರುವಾಗ ಉತ್ತರ ಬಂತು. ‘ತಾವು ಕೋರಿರುವ ಸಭಾಕಾರ್ಯಕಲಾಪ ಎಂಬ ಕಡತವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಇರುವುದಾದರೂ ಹೇಗೆ? ಸರ್ಕಾರಿ ಕಚೇರಿಗಳಲ್ಲಿ ಇರುವುದು ನಡಾವಳಿ.

ನಮ್ಮ ಕಡೆ ಕೊಬ್ಬರಿ ಮಾಡುವವರು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ; ಒಳಗೆ ಗಿಟುಕು ಚಿಪ್ಪು ಬಿಟ್ಟಿದ್ದರೆ ಸದ್ದು ಬರುತ್ತದೆ. ಮೇಷ್ಟ್ರು ಆ ಹಿಂಬರಹವನ್ನು ಹಾಗೇ ತಿರುಗಿಸಿ ಮುರುಗಿಸಿ ನೋಡಿದರು. ‘ಇದೆ. ಇಲ್ಲ ಅಂತ ಬರೆದಿಲ್ಲ, ಲಭ್ಯವಿಲ್ಲ ಅಂತ ಬರೆದವ್ರೆ’ ಅಂದರು. ಅವರ ಮುಖದಲ್ಲಿ ಸಂತೋಷ ಕಂಡು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪತ್ರಿಕೆಯನ್ನು ಹಿಂದಿನ ಪುಟದಿಂದ ಓದುತ್ತಾರೆ, ಸಾರ್ವಜನಿಕ ಪ್ರಕಟಣೆಗಳು ಶ್ರದ್ಧಾಂಜಲಿಗಳ ಪಕ್ಕದಲ್ಲಿರುತ್ತವೆ ಅಂತ. ಯಾರಾದರೂ ‘ಅಭಿವೃದ್ಧಿ’ ಅಂದರೆ ‘ಯಾವ ಸರ್ವೆ ನಂಬರಲ್ಲಿ?’ ಅನ್ನುತ್ತಾರೆ. ಕಾಫಿಗೆ ಸಕ್ಕರೆ ಬೇಡ ಅಂದು ಬಿಸ್ಕತ್ತು ನಾಲ್ಕು ತಿನ್ನುತ್ತಾರೆ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿ ಅಂತೊಂದು ಇರಬೇಕು, ಊರುಗಳ, ಪಂಚಾಯಿತಿಗಳ ಯೋಜನೆಗಳನ್ನು ಅದು ಒಟ್ಟುಮಾಡಬೇಕು ಎಂಬುದನ್ನು ಕ್ಷೌರದಂಗಡಿಯಲ್ಲಿ ಹೇಳಿ, ಸರದಿ ಕಾಯುತ್ತಿದ್ದವರನ್ನು ಬೇರೆ ಅಂಗಡಿಗೆ ಅಟ್ಟಿದ ಕೀರ್ತಿ ಅವರದು.

ಬೆಂಗಳೂರಿನ ಉದಾಹರಣೆ ಅವರಿಗೆ ಪುರಾಣವಿದ್ದಂತೆ, ಕೇಳಿದಷ್ಟೂ ಹೇಳುತ್ತಾರೆ. 2031ರವರೆಗಿನ ಬೆಂಗಳೂರಿಗೆ ಬಿಡಿಎ ತಯಾರಿಸಿದ ಕರಡು ಪ್ಲಾನು 2017ರ ನವೆಂಬರಿನಲ್ಲಿ ಹೊರಬಂತು. ಸಾವಿರಾರು ಆಕ್ಷೇಪಣೆ ಬಿದ್ದವು. ಪ್ಲಾನು ಮಾಡಬೇಕಾದದ್ದು ಮಹಾನಗರ ಯೋಜನಾ ಸಮಿತಿ, ಬಿಡಿಎ ಅಲ್ಲ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಕಡೆಗೆ ಸರ್ಕಾರವೇ ಆ ಕರಡನ್ನು ವಾಪಸ್ ತೆಗೆದುಕೊಂಡಿತು. ಅಷ್ಟು ದೊಡ್ಡ ಊರು 2007ರಲ್ಲಿ ಒಪ್ಪಿಗೆಯಾದ, 2015ಕ್ಕೆಂದು ಬರೆದ ನಕ್ಷೆಯಲ್ಲೇ ಮುಂದುವರಿಯಿತು. ‘ನೋಡಿದ್ಯಾ, ಅವರೂ ಇದನ್ನೇ ಕೇಳಿದ್ದು’ ಅನ್ನುತ್ತಾರೆ ಮೇಷ್ಟ್ರು. ಅವರಿಗೆ ವಕೀಲರಿದ್ದರು, ಲ್ಯಾಪ್‌ಟಾಪಿತ್ತು. ಇವರಿಗೆ ನಾನಿದ್ದೇನೆ.

ನಮ್ಮೂರಿನ ಪ್ಲಾನಿನ ನಕ್ಷೆ ಗೋಡೆಗೆ ಬಂದ ದಿನ ನಾನೂ ಮೇಷ್ಟ್ರ ಜೊತೆಗೆ ಹೋಗಿದ್ದೆ. ಹಳದಿ ಅಂದರೆ ವಾಸ, ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆಯಂಥವು, ಹಸಿರು ಪಾರ್ಕು. ನಮಗಿಂತ ಮೊದಲೇ ಬ್ರೋಕರುಗಳು ಬಂದು ಹೋಗಿದ್ದರು. ತೆಂಗಿನ ಸೀಮೆಯಲ್ಲಿ ಈ ಬಣ್ಣಗಳ ಆಟ ವಿಚಿತ್ರ. ತೋಟಕ್ಕೆ ಹಳದಿ ಬಿದ್ದವನ ಮುಖ ಚಿಗುರುತ್ತದೆ, ಹಸಿರು ಬಿದ್ದವನ ಮುಖ ಬಾಡುತ್ತದೆ. ‘ತೋಟ ಹಸಿರಾಗೇ ಐತಲ್ಲ ಸಾಮಿ, ಮತ್ಯಾಕೆ ಬಳುದ್ರು?’ ಅಂತ ಒಬ್ಬ ರೈತ ಕೇಳುತ್ತಿದ್ದ. ಮೇಷ್ಟ್ರು ಅವನಿಗೆ ಸಮಾಧಾನ ಹೇಳಿದರು: ಹಾಗೆ ಗುರುತು ಮಾಡಿದ ಜಮೀನನ್ನು ಐದು ವರ್ಷದೊಳಗೆ ಪ್ರಾಧಿಕಾರ ಕೊಂಡುಕೊಳ್ಳದಿದ್ದರೆ, ಸ್ವಾಧೀನಕ್ಕೂ ಕೈಹಾಕದಿದ್ದರೆ ಗುರುತು ತಾನಾಗಿ ಬಿದ್ದುಹೋಗುತ್ತದೆ. ರೈತ ಲೆಕ್ಕ ಹಾಕಿದ. ನಮ್ಮ ನಾಡತಳಿಯ ಸಸಿ ನೆಟ್ಟರೆ ಹೊಂಬಾಳೆ ಕಾಣಲು ಆರೇಳು ವರ್ಷ. ಕಂಡ ಮೇಲೆ ಅರವತ್ತು ವರ್ಷ ಫಲ. ಇಂಥ ಮರ ನೆಡುವವನ ಮುಂದೆ ಇಪ್ಪತ್ತು ವರ್ಷದ ಪ್ಲಾನನ್ನು ‘ದೀರ್ಘಾವಧಿ’ ಅನ್ನಲು ಧೈರ್ಯ ಬೇಕು. ಅದೇ ದೀರ್ಘಾವಧಿಯನ್ನೂ ಒಂದು ಸರ್ವೆ ನಂಬರಿನ ಮಟ್ಟಿಗೆ ಬದಲಾಯಿಸಬೇಕೆಂದರೆ ಪತ್ರಿಕೆಯಲ್ಲಿ ಹಾಕಿ ಆಕ್ಷೇಪಣೆಗೆ ಹದಿನೈದು ದಿನ ಬಿಟ್ಟರೆ ಸಾಕು ಅಂತ ಕಾಯ್ದೆಯಲ್ಲೇ ದಾರಿಯಿದೆ. ಹಿಂದಿನ ಪುಟದಿಂದ ಪತ್ರಿಕೆ ಓದುವವರನ್ನು ಕಂಡು ನಗುವುದನ್ನು ನಾನು ಬಿಟ್ಟದ್ದು ಅಂದಿನಿಂದ.

ಭವಿಷ್ಯ ಗೊತ್ತಿದೆ ಅನ್ನುವವರಿಗೆ ನಮ್ಮ ಕೊಬ್ಬರಿಯೂ ಸಾಕಷ್ಟು ಪಾಠ ಹೇಳಿದೆ. 2024ರ ಶುರುವಿನಲ್ಲಿ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಸಿಕ್ಕರೆ ಸಾಕೆಂದು ನಾಫೆಡ್ ನೋಂದಣಿಗೆ ಜನ ಸಾಲು ನಿಂತಿದ್ದರು. ಇದೇ ಸಮಯ ಅಂತ ತೋಟವನ್ನು ಲೇಔಟಿನವರಿಗೆ ಮಾತಾಡಿದವರೂ ಇದ್ದರು. 2025ರಲ್ಲಿ ಅದೇ ಕ್ವಿಂಟಲು 25,000 ದಾಟಿತು. ಅಡ್ವಾನ್ಸ್ ತಿಂದು ಕೂತವರು ಈಗ ಮೇಷ್ಟ್ರ ಎಕ್ಸೆಲ್ಲಿನ ಹಿಂದೆ ಓಡುತ್ತಿದ್ದಾರೆ, ಅಗ್ರಿಮೆಂಟು ಮುರಿಯಲು ಕಾನೂನಿದೆಯಾ ಅಂತ.

ನಕ್ಷೆಯ ಮುಂದೆ ಮೇಷ್ಟ್ರು ಹುಡುಕಿದ್ದು ಒಂದು ಹಳ್ಳವನ್ನು. ಹಳೇ ಗ್ರಾಮ ನಕ್ಷೆಯಲ್ಲಿ ಜೋಡಿಗೆರೆ ಎಳೆದು ತೋರಿಸಿದ್ದ, ಮೇಲಿನ ಕಟ್ಟೆ ಕೋಡಿಬಿದ್ದರೆ ಊರ ಕೆರೆಗೆ ನೀರು ತರುತ್ತಿದ್ದ ಹಳ್ಳ. ಅದರ ಜಾಗದಲ್ಲಿ ಹಳದಿಯಿತ್ತು. ಅವರು ಭೂತಗನ್ನಡಿ ಹಿಡಿದು ಗೋಡೆಗೆ ಮೂಗು ತಾಗಿಸಿ ನಿಂತಿರುವಾಗ ಪಕ್ಕದವನು ಕೇಳಿದ: ‘ನಿಮ್ದೆಷ್ಟು ಹೋಗ್ತದೆ ಮೇಷ್ಟ್ರೇ?’

‘ನಂದೇನೂ ಹೋಗಲ್ಲಪ್ಪ. ನನ್ನ ತೋಟ ಗೆರೆಯಿಂದ ಆಚೆ ಐತೆ.’

‘ಹಂಗಾದ್ರೆ ನಿಮಗ್ಯಾಕೆ?’

ಅಂದಿನಿಂದ ಊರಿಗೆ ಅವರ ಮೇಲೆ ಗುಮಾನಿ. ಕಳೆದುಕೊಳ್ಳುವವನು ಕೂಗಾಡಿದರೆ ಅರ್ಥವಾಗುತ್ತದೆ. ಏನೂ ಹೋಗದವನು ಅರ್ಜಿ ಹಾಕಿದರೆ ಒಳಗೇನೋ ಇರಲೇಬೇಕು. ಎಲೆಕ್ಷನ್ನಿಗೆ ನಿಲ್ಲುತ್ತಾರಂತೆ. ಆಚೆ ಲೇಔಟಿನವರು ದುಡ್ಡು ಕೊಟ್ಟಿದ್ದಾರಂತೆ. ಮಗನಿಗೆ ಏನೋ ಕಂಟ್ರಾಕ್ಟು ತಪ್ಪಿತಂತೆ. ಮಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಕಂಟ್ರಾಕ್ಟಿಗೂ ಅವನಿಗೂ ಸಂಬಂಧವಿಲ್ಲ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದೆ. ‘ನಿನಗೆಷ್ಟು ಕೊಟ್ರು?’ ಅಂದರು.

ಒಂದು ಸಂಜೆ ತಡೆಯಲಾರದೆ ನಾನೂ ಕೇಳಿದೆ. ‘ನಿಜಕ್ಕೂ ನಿಮಗ್ಯಾಕೆ ಮೇಷ್ಟ್ರೇ ಇದೆಲ್ಲ?’

ಅವರು ಹೈಸ್ಕೂಲಿನ ದನಿಯಲ್ಲಿ, ‘ನಿನ್ನ ಮೂವತ್ತು ನಲವತ್ತು ಸೈಟು ಎಲ್ಲಿದೆಯೋ?’ ಅಂದರು.

‘ಕೆರೆ ಕಡೆ ಲೇಔಟಲ್ಲಿ.’

‘ಹಳ್ಳ ಮುಚ್ಚಿದ್ರೆ ಆ ನೀರು ಎಲ್ಲಿಗೆ ಹೋಗ್ತದೆ?’

ಬೆಂಚಿನ ಮೇಲೆ ನಿಂತ ಹುಡುಗನ ಹಾಗೆ ಸುಮ್ಮನಿದ್ದೆ. ಒಳಗಿಂದ ನನ್ನ ಹೆಂಡತಿ, ‘ಹೇಳ್ರೀ, ಎಲ್ಲಿಗೆ ಹೋಗ್ತದೆ?’ ಅಂದಳು. ಅವಳು ಅಲ್ಲಿ ಮನೆ ಕಟ್ಟಿಸಲು ಅಡುಗೆಮನೆಯ ಅಳತೆಯನ್ನೂ ಹಾಕಿಟ್ಟಿದ್ದಾಳೆ. ಅವತ್ತಿನಿಂದ ಮೇಷ್ಟ್ರ ಕಾಫಿಯ ಜೊತೆ ಬಿಸ್ಕತ್ತು ಆರಾಗಿದೆ.

ಈಗ ಮೊದಲ ಮೇಲ್ಮನವಿ ತಯಾರಾಗುತ್ತಿದೆ. ನೂರೈವತ್ತು ಪದಗಳ ಕಟ್ಟು ಅರ್ಜಿಗೆ ಮಾತ್ರ, ಮೇಲ್ಮನವಿಗೆ ಇಲ್ಲ ಅಂತ ನಾನೇ ನಿಯಮ ಓದಿ ಹೇಳಿಬಿಟ್ಟೆ. ಮೇಷ್ಟ್ರು ಎಲ್ಲ ಸಮಾಸಗಳನ್ನೂ ಬಿಡಿಸಿ ವಿಗ್ರಹವಾಕ್ಯ ಸಮೇತ ಬರೆಯುತ್ತಿದ್ದಾರೆ. ಒಂಬತ್ತನೇ ಪುಟದಲ್ಲಿದ್ದೇವೆ. ಇನ್ನೂ ಹಳ್ಳ ಬಂದಿಲ್ಲ.