ನಮ್ಮ ಗೇಟಿಗೆ ಒರಗಿದ ನೇರಳೆ ಸೈಕಲ್ಲಿನ ಮಾಲೀಕರಿಗೆ

ಮಾನ್ಯರೇ (ಅಥವಾ ಪುಟ್ಟಿ, ಸೀಟಿನ ಎತ್ತರ ನೋಡಿದರೆ ನೀನು ಇನ್ನೂ ಹೈಸ್ಕೂಲು ದಾಟಿರಲಿಕ್ಕಿಲ್ಲ),

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಮನೆ ಗೊತ್ತಿಲ್ಲ. ನಿಮ್ಮ ಸೈಕಲ್ಲಿನ ಮೂಳೆಮೂಳೆಯೂ ಗೊತ್ತು. ಇವತ್ತು ಬೆಳಿಗ್ಗೆ ಅದನ್ನು ಠಾಣೆಯವರೆಗೆ ತಳ್ಳಿಕೊಂಡು ಹೋದವನು ನಾನು, ಊಟದ ಹೊತ್ತು ಮೀರಿದ ಮೇಲೆ ವಾಪಸ್ಸು ತಳ್ಳಿಕೊಂಡು ಬಂದವನೂ ನಾನೇ. ತಳ್ಳಿಕೊಂಡು ಅಂತ ಬರೆಯೋದು ಸುಲಭ. ಎರಡೂ ಟೈರು ಪಂಚರ್, ಚೈನು ಕಳಚಿ ರಸ್ತೆ ಗುಡಿಸುತ್ತದೆ, ಹಿಂದಿನ ಚಕ್ರ ತಿರುಗಲೊಲ್ಲದು, ಅರ್ಧ ದಾರಿ ಅದನ್ನು ಎತ್ತಿ ಹಿಡಿದುಕೊಂಡೇ ನಡೆದೆ. ಬೆಲ್ ಒಂದು ಮಾತ್ರ ಭೇಷಾಗಿದೆ. ಮೈಸೂರಿನ ಪ್ರತಿ ಗುಂಡಿಗೂ ತಾನಾಗಿಯೇ ಬಾರಿಸಿ, ಕದ್ದ ಸೈಕಲ್ ಹೋಗುತ್ತಿದೆ ನೋಡಿ ಎಂದು ಬೀದಿಬೀದಿಗೂ ಸಾರಿತು.

ನಿಮ್ಮ ಸೈಕಲ್ ಒಂದು ಬೆಳಿಗ್ಗೆ ನಮ್ಮ ಗೇಟಿಗೆ ಒರಗಿ ನಿಂತಿತ್ತು, ಅಷ್ಟೆ. ಪಕ್ಕದ ಮನೆಗೆ ಬಂದ ನೆಂಟರದ್ದಿರಬಹುದು ಅಂದುಕೊಂಡೆ. ನೆಂಟರು ಹೋದರು, ಸೈಕಲ್ ಹೋಗಲಿಲ್ಲ. ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಮಾತು. ಪೇಪರ್ ಹುಡುಗ, "ಎಲ್ಲಿಂದಲೋ ಎತ್ತಿಕೊಂಡು ಬಂದು, ಪಂಚರ್ ಆದಮೇಲೆ ಬಿಟ್ಟುಹೋಗಿದ್ದಾರೆ ಸಾರ್" ಅಂದ. ಎದುರು ಮನೆಯವರು, "ಕಳ್ಳಮಾಲು, ಮುಟ್ಟಬೇಡಿ" ಅಂದರು. ಮುಟ್ಟಲಿಲ್ಲ. ಮುಟ್ಟಿದವರು ಬೇರೆಯವರು. ಮೊದಲು ಡೈನಮೋ ಮಾಯವಾಯಿತು, ಆಮೇಲೆ ಎಡಗಡೆ ಪೆಡಲ್, ಆಮೇಲೆ ಸ್ಟ್ಯಾಂಡ್. ಹೀಗೇ ಬಿಟ್ಟರೆ ಕೊನೆಗೆ ನಿಮಗೆ ಬೆಲ್ ಒಂದನ್ನೇ ಒಪ್ಪಿಸಬೇಕಾದೀತೆಂದು ಒಳಗೆ ತಂದು ತುಳಸಿಕಟ್ಟೆಯ ಪಕ್ಕ ನಿಲ್ಲಿಸಿದೆ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ನನಗೂ ಒಂದು ಸೈಕಲ್ ಇತ್ತು. ಕರಿ ಹರ್ಕ್ಯುಲಿಸ್. ಹೋದ ವರ್ಷ ಕಲ್ಯಾಣ ಮಂಟಪದ ಮುಂದೆ ಬೀಗ ಹಾಕಿ ಮದುವೆ ಊಟಕ್ಕೆ ಹೋದವನು, ಬಾಳೆಲೆ ಎತ್ತುವಷ್ಟರಲ್ಲಿ ಪಾದಚಾರಿಯಾಗಿದ್ದೆ. ಅವತ್ತೂ ಇದೇ ಠಾಣೆ, ಇದೇ ಮೇಜು. ಮೊದಲ ಪ್ರಶ್ನೆ: "ಬಿಲ್ ಇದೆಯಾ?" ಮಗಳು ಹುಟ್ಟುವ ಮೊದಲು ಕೊಂಡ ಸೈಕಲ್ ಸ್ವಾಮಿ, ಅಂಗಡಿಯೇ ಈಗಿಲ್ಲ, ಬಿಲ್ ಎಲ್ಲಿಂದ ತರಲಿ? "ಈಗ ಎಷ್ಟು ಬಾಳುತ್ತೆ?" ಸಾವಿರ ಬಾಳಬಹುದು ಅಂದೆ. ಆ ಒಂದು ಮಾತಿಗೆ ನನ್ನ ಕೇಸು ಮುಗಿಯಿತು. ಯಾಕೆಂದರೆ 2024ರ ಜುಲೈ 1ರಿಂದ ನಮಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಐಪಿಸಿಯಲ್ಲಿ ಕಳ್ಳತನಕ್ಕೆ ಬೆಲೆಯ ಗೆರೆ ಇರಲಿಲ್ಲ. ಸಂಹಿತೆಯ 303ನೇ ಕಲಂ 5,000 ರೂಪಾಯಿಯ ಗೆರೆ ಎಳೆದಿದೆ. ಅದಕ್ಕಿಂತ ಕಡಿಮೆ ಬೆಲೆಯದ್ದು ಕಳುವಾದರೆ ಅದು ಅಸಂಜ್ಞೇಯ ಅಪರಾಧ: ಒಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಚೀಟಿ, ಮುಂದಿನ ತನಿಖೆಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲ ಸಲ ಸಿಕ್ಕಿಬಿದ್ದ ಕಳ್ಳ ಮಾಲು ವಾಪಸ್ಸು ಕೊಟ್ಟರೆ ಅವನಿಗೆ ಸಮುದಾಯ ಸೇವೆ. ಒಳ್ಳೆಯದೇ, ಹಸಿದ ಹುಡುಗರನ್ನು ಜೈಲಿಗೆ ತಳ್ಳಿ ಯಾರಿಗೂ ಉಪಕಾರವಿಲ್ಲ. ಆದರೆ ಈ ಊರಿನಲ್ಲಿ ಹಾಲು ಹಾಕುವವರು, ಗಾರೆ ಕೆಲಸದವರು, ಶಾಲೆಯ ಮಕ್ಕಳು ತುಳಿಯುವ ಸೈಕಲ್ಲುಗಳಲ್ಲಿ ಐದು ಸಾವಿರ ಬಾಳುವವು ಎಷ್ಟಿವೆ? ಅಂಗಡಿಯಿಂದ ಹೊರಬಂದ ಮೊದಲ ಮಳೆಗೇ ಅರ್ಧ ಬೆಲೆ ತೊಳೆದುಹೋಗುತ್ತದೆ. ಗೇರ್ ಸೈಕಲ್ಲಿನವರಿಗೆ ಕಾನೂನು ಎದ್ದು ನಿಲ್ಲುತ್ತದೆ, ಮಿಕ್ಕವರಿಗೆ ಕೂತಲ್ಲೇ ಚೀಟಿ ಬರೆದುಕೊಡುತ್ತದೆ. ಆ ಚೀಟಿಗೂ ಬಿಲ್ ಬೇಕು.

ಇರಲಿ, ನನ್ನ ಹರ್ಕ್ಯುಲಿಸ್ ಕಥೆ ಸಾಕು. ನಿಮ್ಮದಕ್ಕೆ ಬರುತ್ತೇನೆ.

ಇವತ್ತು ಬೆಂಚಿನ ಮೇಲೆ ಕೂರಿಸಿದರು. ಬೈಕು ಗುದ್ದಾಡಿಕೊಂಡವರ ರಾಜಿ ಮುಗಿಯಿತು, ಯಾರದೋ ಪಾಸ್‌ಪೋರ್ಟ್ ವಿಚಾರಣೆ ಮುಗಿಯಿತು, ಚಹಾ ಬಂತು, ಚಹಾ ಹೋಯಿತು. ಕೊನೆಗೆ ಮೇಜಿನ ಹಿಂದಿನವರು ತಲೆ ಎತ್ತಿ ನಿಮ್ಮ ಸೈಕಲ್ ಕಡೆ ನೋಡಿ, ನಾನು ಬಾಯಿ ಬಿಡುವ ಮುಂಚೆಯೇ ಕೇಳಿದರು: "ಬಿಲ್ ಇದೆಯಾ?"

"ಇದು ನಂದಲ್ಲ ಸಾರ್. ಗೇಟಿನ ಹತ್ರ ಸಿಕ್ತು."

"ನಿಮ್ದಲ್ಲ ಅಂದ್ಮೇಲೆ ನೀವ್ಯಾಕೆ ತಂದ್ರಿ?"

"ಯಾರದ್ದೋ ಅವರಿಗೆ ಸೇರಲಿ ಅಂತ."

"ಅವರು ಕಂಪ್ಲೇಂಟ್ ಕೊಟ್ಟಿದ್ದಾರಾ?"

"ಅದು ನಿಮಗೆ ಗೊತ್ತಿರಬೇಕು."

"ಕೊಟ್ಟಿಲ್ಲ."

"ಬಂದು ಕೊಟ್ಟರೆ ತಗೋತೀರಾ?"

"ಬಿಲ್ ಇದ್ರೆ ತಗೋತೀವಿ."

ಸೈಕಲ್ ಇಟ್ಟುಕೊಳ್ಳಬೇಕಾದರೆ ಮಹಜರು ಮಾಡಬೇಕು, ಇಬ್ಬರು ಪಂಚರು ಬೇಕು ಅಂದರು. ಮುಂದೆ ಒಂದು, ಹಿಂದೆ ಒಂದು, ಎರಡೂ ಪಂಚರ್ ಸೈಕಲ್ಲಿನಲ್ಲೇ ಇವೆ ಸಾರ್ ಅಂದೆ. ನಗಲಿಲ್ಲ. ಕೊನೆಗೆ ದನಿ ತಗ್ಗಿಸಿ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದರು: "ನೋಡಿ ಯಜಮಾನ್ರೇ, ಎಲ್ಲಿತ್ತೋ ಅಲ್ಲೇ ಇಟ್ಬಿಡಿ."

ಎಲ್ಲಿತ್ತೋ ಅಲ್ಲೇ! ಅಂದರೆ ಬೀದಿಯಲ್ಲಿ. ಅಂದರೆ ಉಳಿದ ಪೆಡಲ್ಲೂ ಹೋಗಲಿ, ಸೀಟೂ ಹೋಗಲಿ, ಒಮ್ಮೆ ಸರಿಯಾಗಿ ಕಳುವಾಗಿರದಿದ್ದರೆ ಈಗ ಪೂರ್ತಿಯಾಗಿ ಕಳುವಾಗಲಿ. ಇದು ತಮಾಷೆಯಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಸ್ವತ್ತನ್ನು ವಶಕ್ಕೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. ದಯೆಯಲ್ಲ, ಉಪಕಾರವಲ್ಲ, ಕರ್ತವ್ಯ. ಅದಕ್ಕೆ ಬಿಲ್ ಬೇಕೆಂದು ಯಾವ ಕಾಯ್ದೆಯಲ್ಲಿದೆ? ಬಿಲ್ ಇದ್ದರೆ ಅದು ವಾರಸುದಾರರಿಲ್ಲದ ಸ್ವತ್ತು ಹೇಗಾದೀತು? ಮಂಡಿ ನೋವಿನ ಮನುಷ್ಯ ಎತ್ತಿಕೊಂಡು ಬಂದದ್ದನ್ನು ಒಂದು ಸಾಲು ಬರೆದು ಒಳಗಿಡಲು ಆಗದವರು, ಕಳ್ಳನನ್ನು ಹುಡುಕುತ್ತಾರೆಂದು ನಂಬಿ ನಾವು ಬೀಗ ಹಾಕುತ್ತೇವೆ. ನಿಮಗೆ ನಾಚಿಕೆಯಾಗಬೇಕು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮನೆಗೆ ಬಂದು ವಕೀಲ ಮಿತ್ರರಿಗೆ ಫೋನ್ ಮಾಡಿದೆ. ಅವರು ನಕ್ಕರು, ಆಮೇಲೆ ಓದಿ ಹೇಳಿದರು. ನನಗೆ ನಗು ಬರಲಿಲ್ಲ. 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ಸಿಕ್ಕಿದ ವಸ್ತುವನ್ನು ಒಳಗೆ ತಂದವನು ಅದನ್ನು ತನ್ನ ಸ್ವಂತದ್ದರಷ್ಟೇ ಜೋಪಾನವಾಗಿ ಕಾಯಬೇಕು. ಸ್ವಂತ ಸೈಕಲ್ ಕಳೆದುಕೊಂಡು ಚೀಟಿಯೂ ಸಿಗದವನು ಈಗ ನಿಮ್ಮ ಸೈಕಲ್ಲಿನ ಕಾವಲುಗಾರ. ಇನ್ನೂ ಇದೆ. ನ್ಯಾಯ ಸಂಹಿತೆಯ 314ನೇ ಕಲಂ: ಒಡೆಯರನ್ನು ಹುಡುಕುವ, ತಿಳಿಸುವ ಪ್ರಯತ್ನ ಮಾಡದೆ, ಅವರಿಗಾಗಿ ಕಾಯದೆ ಸಿಕ್ಕಿದ ವಸ್ತುವನ್ನು ನನ್ನದಾಗಿಸಿಕೊಂಡರೆ ಅದು ದುರ್ವಿನಿಯೋಗ. ಶಿಕ್ಷೆ ಕನಿಷ್ಠ ಆರು ತಿಂಗಳು ಸೆರೆ, ಗರಿಷ್ಠ ಎರಡು ವರ್ಷ, ಮೇಲೆ ದಂಡ. ಲೆಕ್ಕ ಹಾಕಿ. ನಿಮ್ಮ ಸೈಕಲ್ ಕದ್ದ ಮಹಾಶಯ ಮೊದಲ ಸಲ ಸಿಕ್ಕಿಬಿದ್ದರೆ, ವಾಪಸ್ಸು ಕೊಟ್ಟು ಉದ್ಯಾನ ಗುಡಿಸಿ ಮನೆಗೆ ಹೋಗಬಹುದು. ಕಳ್ಳನಲ್ಲದ ನಾನು ಹೋಗಲಿ ಬಿಡು ಎಂದು ಅದನ್ನೇ ಇಟ್ಟುಕೊಂಡರೆ ಆರು ತಿಂಗಳಿಗೆ ಕಡಿಮೆಯಿಲ್ಲ. ಕದಿಯುವುದೇ ಕ್ಷೇಮವಿತ್ತು.

ಗುಜರಿಯವನೂ ಬಂದಿದ್ದ. ಕೆ.ಜಿ. ಲೆಕ್ಕದಲ್ಲಿ ಎತ್ತಿಕೊಳ್ಳುತ್ತೇನೆ ಅಂದ. ಇಡೀ ವ್ಯವಹಾರದಲ್ಲಿ ಬಿಲ್ ಕೇಳದ ಮನುಷ್ಯ ಅವನೊಬ್ಬನೇ. ಕಳಿಸಿಬಿಟ್ಟೆ.

ನಿಮ್ಮನ್ನು ಹುಡುಕುವ ದಾರಿ ಇಲ್ಲವೆಂದಲ್ಲ, ಇರಬೇಕಾದ ದಾರಿ ಇಲ್ಲ. ನಮ್ಮ ಬೀದಿಯ ಸೈಕಲ್ ಶಾಪಿನವರು ಮಗುಚಿ ತೋರಿಸಿದರು: ಪೆಡಲ್ ಅಚ್ಚಿನ ಕೆಳಗೆ ಫ್ರೇಮ್ ನಂಬರ್ ಕೊರೆದಿದೆ, ತುಕ್ಕು ಉಜ್ಜಿದರೆ ಓದಲೂ ಬರುತ್ತದೆ. ಆದರೆ ಆ ನಂಬರಿನ ಎದುರು ನಿಮ್ಮ ಹೆಸರನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಸ್ಕೂಟರಿಗೆ ಆರ್‌ಸಿ ಇದೆ, ಸೈಕಲ್ಲಿಗೆ ಏನೂ ಇಲ್ಲ. ನಮ್ಮಪ್ಪನ ಕಾಲದಲ್ಲಿ ಪುರಸಭೆ ವರ್ಷಕ್ಕೊಮ್ಮೆ ಕಾಸು ಕಿತ್ತುಕೊಂಡು ಒಂದು ಬಿಲ್ಲೆ ಕೊಡುತ್ತಿತ್ತು. ಆಗ ಬೈದುಕೊಂಡೇ ಕಟ್ಟುತ್ತಿದ್ದರು. ಬಿಲ್ಲೆಯೂ ಹೋಯಿತು, ಈಗ ಬಿಲ್ ಅಂತೆ. ಇದೇ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಹೆಸರಿನಲ್ಲಿ 450 ಬಾಡಿಗೆ ಸೈಕಲ್ಲುಗಳನ್ನು ಬಿಟ್ಟಾಗ, ಯಾವ ಸೈಕಲ್ ಯಾವ ನಿಲ್ದಾಣದಿಂದ ಯಾರ ಕಾರ್ಡಿಗೆ ಹೋಯಿತು ಎಂಬ ಲೆಕ್ಕವಿತ್ತು. ಬಾಡಿಗೆ ಸೈಕಲ್ಲಿಗೆ ಇರುವ ವಿಳಾಸ ಸ್ವಂತ ಸೈಕಲ್ಲಿಗಿಲ್ಲ.

ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಗಿತ್ತು, ಕೊರೊನಾ ಬಂದ ಮೇಲೆ ನಿಂತುಹೋಯಿತು. ಆದ್ದರಿಂದ ಪುಟ್ಟಿ, ನೀನು ಕಳೆದುಕೊಂಡದ್ದು ನಿನ್ನಪ್ಪ ದುಡಿದು ಕೊಡಿಸಿದ್ದೇ ಇರಬೇಕು. ಮನೆಯಲ್ಲಿ ಬೈಗುಳ ತಿಂದಿರುತ್ತೀಯ. ಠಾಣೆಗೆ ಹೋಗಿದ್ದರೆ ಅಲ್ಲೂ ಬಿಲ್ ಕೇಳಿರುತ್ತಾರೆ.

ಕಾನೂನು ಬಯಸುವ ತಿಳಿವಳಿಕೆ ಪತ್ರ ಇದೇ. ಸೈಕಲ್ ನೇರಳೆ ಬಣ್ಣದ್ದು, ಹುಡುಗಿಯರದ್ದು, ಮುಂದೆ ಬುಟ್ಟಿ ಇದೆ. ಬುಟ್ಟಿಯ ತಳದಲ್ಲಿ ಒಂದು ಸ್ಟಿಕರ್ ಅಂಟಿದೆ, ಸೀಟಿನ ಕೆಳಗೆ ಒಂದು ದಾರ ಕಟ್ಟಿದೆ. ಸ್ಟಿಕರ್ ಯಾವುದು, ದಾರದ ಬಣ್ಣ ಏನು ಎಂದು ಬೇಕೆಂದೇ ಬರೆದಿಲ್ಲ. ಅದನ್ನು ಈ ಪತ್ರಿಕೆಯ ಕಚೇರಿಗೆ ಬರೆದು ತಿಳಿಸಿದವರಿಗೆ ನನ್ನ ವಿಳಾಸ ಕೊಡುತ್ತಾರೆ. ಕಾಪಾಡಿದ್ದಕ್ಕೆ ತಗುಲಿದ ಖರ್ಚು ಕೊಡುವತನಕ ಸೈಕಲ್ ತಡೆದಿಟ್ಟುಕೊಳ್ಳುವ ಹಕ್ಕು ನನಗಿದೆಯಂತೆ. ಅದನ್ನು ಬಿಟ್ಟುಕೊಟ್ಟಿದ್ದೇನೆ. ಪಂಚರ್ ಹಾಕಿಸಿ, ಚೈನು ಕೂರಿಸಿ ಇಟ್ಟಿರುತ್ತೇನೆ, ಪೆಡಲ್ ಮಾತ್ರ ನೀವೇ ಹಾಕಿಸಿಕೊಳ್ಳಿ. ಇದನ್ನು ಓದುತ್ತಿರುವ ಮಿಕ್ಕವರೂ ಒಂದು ಉಪಕಾರ ಮಾಡಿ: ನಿಮ್ಮ ಬೀದಿಯಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ ಯಾರಾದರೂ ಇತ್ತೀಚೆಗೆ ನಡೆದುಕೊಂಡು ಹೋಗುತ್ತಿದ್ದರೆ, ಏನಾಯಿತು ಎಂದು ಒಂದು ಮಾತು ಕೇಳಿ.

ಇಂತಿ,
ಸದ್ಯಕ್ಕೆ ನಿಮ್ಮ ಸೈಕಲ್ಲಿನ ಕಾವಲುಗಾರ,
ಮೈಸೂರು