ಉದಾರವಾದಿ ಕೈಸರ್: ಜೋಡಣೆ ಮತ್ತು ಬಳಕೆಯ ಕೈಪಿಡಿ

ಪರ್ಯಾಯ ಇತಿಹಾಸದ ಈ ಮಾದರಿಯನ್ನು ಕೊಂಡಿದ್ದಕ್ಕೆ ಧನ್ಯವಾದ. ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂಬ ತತ್ವದ ಮೇಲೆ ಇದು ಕೆಲಸ ಮಾಡುತ್ತದೆ. ಸರಿಯಾಗಿ ಜೋಡಿಸಿದರೆ ಬಿಸ್ಮಾರ್ಕ್‌ನ ಬಿಗಿಮುಷ್ಟಿಯಿಲ್ಲದ, ಸಂಸತ್ತಿನ ಮಾತಿಗೆ ಬೆಲೆಯಿರುವ, ಆಫ್ರಿಕಾದ ತಂಟೆಗೆ ಹೋಗದ ಜರ್ಮನಿ ಸಿಗುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಮೇಲೆ ಅಚ್ಚಾದದ್ದೆಲ್ಲ ಒಳಗಿರಬೇಕೆಂದಿಲ್ಲ. ಪೂರ್ತಿ ಓದಿಕೊಂಡು ಕೈ ಹಾಕಿ.

ಪೆಟ್ಟಿಗೆಯಲ್ಲಿರುವುದು

ಯುವರಾಜ ಫ್ರೆಡ್ರಿಕ್, ಒಂದು: ತುಂಬುಗಡ್ಡ, ಗೆದ್ದ ಯುದ್ಧಗಳು, ಒಳ್ಳೆಯ ಹೆಸರು.
ಪತ್ನಿ ವಿಕ್ಟೋರಿಯಾ, ಒಂದು: ಬ್ರಿಟನ್ ರಾಣಿಯ ಹಿರಿಮಗಳು. ಯುವರಾಜನ ಉದಾರವಾದಕ್ಕೆ ಬ್ಯಾಟರಿ ಇಲ್ಲಿದೆ.
ಚಾನ್ಸಲರ್ ಬಿಸ್ಮಾರ್ಕ್, ಒಂದು: ಬಿಚ್ಚಲು ಸ್ಪ್ಯಾನರ್ ಕೊಟ್ಟಿಲ್ಲ.
ಉದಾರವಾದಿಗಳು, ಎರಡು ಪೊಟ್ಟಣ: ಚೀಟಿ ಒಂದೇ, ಸರಕು ಬೇರೆ.

ಹಂತ 1: ಇಸವಿ ಹೊಂದಿಸುವುದು

ಬಹುಪಾಲು ಬಳಕೆದಾರರು ಮುಳ್ಳನ್ನು ನೇರ 1888ಕ್ಕೆ ತಿರುಗಿಸುತ್ತಾರೆ. ಆ ವರ್ಷದ ಮಾರ್ಚ್ 9ರಂದು ಫ್ರೆಡ್ರಿಕ್‌ನ ತಂದೆ, ಮುದುಕ ಕೈಸರ್ ಒಂದನೆಯ ವಿಲ್ಹೆಲ್ಮ್ ತೀರಿಕೊಂಡ. ಗಂಟಲ ಕ್ಯಾನ್ಸರಿನಿಂದ ದನಿ ಕಳೆದುಕೊಂಡಿದ್ದ ಫ್ರೆಡ್ರಿಕ್ ಪಟ್ಟಕ್ಕೆ ಬಂದು, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತ 99 ದಿನ ಆಳಿ, ಜೂನ್ 15ರಂದು ಸತ್ತ. ಅಷ್ಟರಲ್ಲಿ ಆದ ದೊಡ್ಡ ಕೆಲಸವೆಂದರೆ ಪ್ರಷ್ಯದ ಸಂಪ್ರದಾಯವಾದಿ ಗೃಹಮಂತ್ರಿ ಪುಟ್‌ಕಾಮರ್‌ನನ್ನು ಮನೆಗೆ ಕಳಿಸಿದ್ದು. ಬಿಸ್ಮಾರ್ಕ್ ಕೂತಲ್ಲೇ ಕೂತಿದ್ದ.

ಗಂಟಲು ರಿಪೇರಿ ಮಾಡಿದರೆ ಸಾಕಲ್ಲವೇ ಎನ್ನುವವರು 1887ರ ಮೇ ತಿಂಗಳಿಗೆ ಹೋಗಿ. ಬರ್ಗ್‌ಮನ್ ಮೊದಲಾದ ಜರ್ಮನ್ ವೈದ್ಯರು ಕೊಯ್ಯೋಣವೆಂದರು. ಇಂಗ್ಲಿಷ್ ವೈದ್ಯ ಮೊರೆಲ್ ಮೆಕೆಂಜಿ ತಡೆದು, ಗಂಟಲಿನಿಂದ ಚೂರೊಂದನ್ನು ತೆಗೆದು ರುಡಾಲ್ಫ್ ವಿರ್ಖೋವ್‌ಗೆ ಕೊಟ್ಟ. ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲವೆಂದು ವರದಿ ಬಂತು. ವಿರ್ಖೋವ್ ಜಗತ್ಪ್ರಸಿದ್ಧ ರೋಗಶಾಸ್ತ್ರಜ್ಞ. ಬಿಸ್ಮಾರ್ಕ್ ಒಮ್ಮೆ ದ್ವಂದ್ವಯುದ್ಧಕ್ಕೆ ಕರೆಯುವಷ್ಟು ಕಾಟ ಕೊಟ್ಟಿದ್ದ ಉದಾರವಾದಿ ಸಂಸದ ಕೂಡ. ಉದಾರವಾದಿಗಳು ನೆಚ್ಚಿಕೊಂಡಿದ್ದ ಗಂಟಲಿಗೆ ಅವರವನೇ ಕ್ಷೇಮಪತ್ರ ಬರೆದ.

ಎಚ್ಚರಿಕೆ: 1888ಕ್ಕೆ ಹೊಂದಿಸಿದರೆ ವಸಾಹತುಗಳು ಮೊದಲೇ ಜೋಡಿಸಿಕೊಂಡು ಬರುತ್ತವೆ. ನೈರುತ್ಯ ಆಫ್ರಿಕಾ, ಟೋಗೊ, ಕ್ಯಾಮರೂನ್ 1884ರಲ್ಲಿ ಕೈಸೇರಿದವು, ಪೂರ್ವ ಆಫ್ರಿಕಾ 1885ರಲ್ಲಿ. ಯುವರಾಜ ಪಟ್ಟಕ್ಕೆ ಬಂದು ಇಂಗ್ಲೆಂಡಿನ ಕೈಹಿಡಿದಾನೆಂದು, ಬೇಕಾದಾಗ ಜಗಳಕ್ಕೊಂದು ನೆಪವಿರಲಿ ಎಂದು ಈ ವಸಾಹತುಗಳನ್ನು ಮಾಡಿದ್ದು ಎಂದು ಬಿಸ್ಮಾರ್ಕ್‌ನ ಮಗ ಹರ್ಬರ್ಟ್ ಆಮೇಲೆ ಹೇಳಿದ್ದುಂಟು.

ಹಂತ 2: ಮುಳ್ಳನ್ನು ಇನ್ನಷ್ಟು ಹಿಂದಕ್ಕೆ

1878ರ ಜೂನ್ 2ಕ್ಕೆ ತನ್ನಿ. ಬರ್ಲಿನ್ನಿನಲ್ಲಿ ನೋಬಿಲಿಂಗ್ ಎಂಬವನು ಹಾರಿಸಿದ ಗುಂಡಿಗೆ 81ರ ವಿಲ್ಹೆಲ್ಮ್ ತೀವ್ರವಾಗಿ ಗಾಯಗೊಂಡ, ಆದರೆ ಬದುಕಿದ. ಅವನನ್ನು ಇಲ್ಲೇ ಸಾಯಿಸಿದರೆ 46ರ, ಗಂಟಲು ನೆಟ್ಟಗಿರುವ ಕೈಸರ್ ಸಿಗುತ್ತಾನೆ. ವಸಾಹತುಗಳಿಗೆ ಇನ್ನೂ ಆರು ವರ್ಷವಿದೆ.

ಹಿಗ್ಗುವ ಮುನ್ನ ಒಂದು ಸೂಚನೆ. ತಂದೆ ಚೇತರಿಸಿಕೊಳ್ಳುವವರೆಗೆ ಕೆಲವು ತಿಂಗಳು ಫ್ರೆಡ್ರಿಕ್ ಪ್ರತಿನಿಧಿಯಾಗಿ ನಿಜವಾಗಿಯೇ ಆಳಿದ್ದ. ಅದೇ ಅಕ್ಟೋಬರಿನಲ್ಲಿ ಸಮಾಜವಾದಿಗಳ ಸಂಘ, ಸಭೆ, ಪತ್ರಿಕೆಗಳನ್ನು ಹತ್ತಿಕ್ಕುವ ಕಾನೂನು ಬಂತು. ಮೇ ತಿಂಗಳಲ್ಲಿ ಇಂಥದೇ ಮಸೂದೆಯನ್ನು ಬೀಳಿಸಿದ್ದ ನ್ಯಾಷನಲ್ ಲಿಬರಲ್ಲರು, ನಡುವೆ ಚುನಾವಣೆಯೊಂದರಲ್ಲಿ ಪೆಟ್ಟು ತಿಂದು, ಈ ಸಲ ಕೈ ಎತ್ತಿದರು.

ಹಂತ 3: ಉದಾರವಾದಿಗಳನ್ನು ಕೂರಿಸುವುದು

ಮೊದಲ ಪೊಟ್ಟಣದಲ್ಲಿ ಎಡ ಉದಾರವಾದಿಗಳಾದ ಓಯ್ಗೆನ್ ರಿಕ್ಟರ್, ಲುಡ್ವಿಗ್ ಬಾಂಬರ್ಗರ್ ಇದ್ದಾರೆ. ಸಮೋವಾದ ತೋಟಗಳನ್ನು ಉಳಿಸಲು ಸರ್ಕಾರ ಲಾಭಾಂಶದ ಖಾತರಿ ಕೊಡಲಿ ಎಂಬ ಮಸೂದೆ 1880ರಲ್ಲಿ ಬಂದಾಗ, ಬಾಂಬರ್ಗರ್ ಮುಂದೆ ನಿಂತು ಅದನ್ನು ಜರ್ಮನ್ ಸಂಸತ್ತಾದ ರೈಖ್‌ಸ್ಟಾಗ್‌ನಲ್ಲಿ ಸೋಲಿಸಿದ. ವಸಾಹತು ಬೇಡವೆಂದದ್ದಕ್ಕೆ ಅವನ ಕಾರಣ ಖರ್ಚಿನದು: ವ್ಯಾಪಾರಿಯ ನಷ್ಟವನ್ನು ತೆರಿಗೆದಾರ ಏಕೆ ತುಂಬಬೇಕು? ಸಮೋವಾದವರನ್ನು ಕೇಳಿದಿರಾ ಎಂಬ ಪ್ರಶ್ನೆಯ ಮೇಲೆ ಆ ಚರ್ಚೆ ನಿಂತಿರಲಿಲ್ಲ.

ಎರಡನೆಯ ಪೊಟ್ಟಣ ನ್ಯಾಷನಲ್ ಲಿಬರಲ್ಲರದು. 1882ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ವಸಾಹತು ಸಂಘ ಹುಟ್ಟಿದಾಗ ಇವರು ಮುಂದಿದ್ದರು. ಪಶ್ಚಿಮ ಆಫ್ರಿಕಾಕ್ಕೆ ಹಡಗುಗಟ್ಟಲೆ ಸಾರಾಯಿ ಸಾಗಿಸಿದ ಹ್ಯಾಂಬರ್ಗಿನ ವೋರ್ಮನ್ ಇದೇ ಪಕ್ಷದ ಸಂಸದ. ಕೈಸರ್ ಎಷ್ಟೇ ಉದಾರಿಯಾದರೂ ಬಹುಮತಕ್ಕೆ ಇವರೇ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇಂಗ್ಲೆಂಡಿನ ಮಾದರಿ ನೋಡಿ ಜೋಡಿಸುತ್ತೇವೆ ಎನ್ನುವವರು ಧಾರಾಳವಾಗಿ ನೋಡಿ. 1882ರಲ್ಲಿ ಈಜಿಪ್ಟಿಗೆ ಸೈನ್ಯ ನುಗ್ಗಿಸಿದ್ದು ಉದಾರವಾದಿ ಗ್ಲ್ಯಾಡ್‌ಸ್ಟನ್‌ನ ಸರ್ಕಾರ.

ಪರೀಕ್ಷಾರ್ಥ ಬಳಕೆಯ ವರದಿ

ವಸಾಹತುಗಳು ಉದಾರವಾದಿಯ ಕೈಗೆ ಬಂದಿದ್ದರೆ ಎಂಬುದನ್ನು ಊಹಿಸುವ ಶ್ರಮ ಬೇಡ, ಬಂದಿದ್ದವು. 1904ರಲ್ಲಿ ನೈರುತ್ಯ ಆಫ್ರಿಕಾದ ಹೆರೆರೊ ಜನರನ್ನು ನಿರ್ಮೂಲ ಮಾಡಲು ಜನರಲ್ ಫಾನ್ ಟ್ರೋಥಾ ಆಜ್ಞೆ ಹೊರಡಿಸಿದ. ಹೆರೆರೊ ಮತ್ತು ನಾಮಾ ಜನರು ಸಾವಿರ ಸಾವಿರ ಸಂಖ್ಯೆಯಲ್ಲಿ ಗುಂಡಿಗೆ, ಮರುಭೂಮಿಯ ಬಾಯಾರಿಕೆಗೆ, ಬಂದಿಶಿಬಿರಗಳಿಗೆ ಬಲಿಯಾದರು. ಆ ಯುದ್ಧದ ಹಣದ ಬೇಡಿಕೆಗೆ ಸೋಲಾದಾಗ ಚಾನ್ಸಲರ್ ಬ್ಯೂಲೊ ರೈಖ್‌ಸ್ಟಾಗನ್ನೇ ವಿಸರ್ಜಿಸಿದ. 1907ರ ಜನವರಿಯ ಚುನಾವಣೆಯ ಬಳಿಕ ಅವನ ಕೂಟ ಸೇರಿದವರಲ್ಲಿ ಮೊದಲ ಪೊಟ್ಟಣದ ವಾರಸುದಾರರೂ ಇದ್ದರು. ರಿಕ್ಟರ್ ಹಿಂದಿನ ವರ್ಷವಷ್ಟೇ ಸತ್ತಿದ್ದ.

ಹೊಸ ವಸಾಹತು ಇಲಾಖೆಗೆ ಬಂದವನು ಉದಾರವಾದಿ ಮನೆತನದ ಬ್ಯಾಂಕರ್ ಬರ್ನ್‌ಹಾರ್ಡ್ ಡೆರ್ನ್‌ಬರ್ಗ್. ತಾನೇ ಆಫ್ರಿಕಾಕ್ಕೆ ಹೋಗಿ ನೋಡಿದ, ಛಡಿಯೇಟಿಗೆ ಕಡಿವಾಣ ಹಾಕಲು ಯತ್ನಿಸಿದ, ರೈಲುಮಾರ್ಗಕ್ಕೆ ಹಣ ತಂದ, ಆಫ್ರಿಕಾದ ಜನರೇ ವಸಾಹತಿನ ಅಮೂಲ್ಯ ಆಸ್ತಿ ಎಂದ. ಆಸ್ತಿಗೆ ಖಾತೆ ಸಂಖ್ಯೆ ಬೇಡವೇ? ಅದೇ 1907ರಲ್ಲಿ ನೈರುತ್ಯ ಆಫ್ರಿಕಾದಲ್ಲಿ ಏಳು ವರ್ಷ ದಾಟಿದ ಪ್ರತಿ ಕರಿಯನೂ ನಂಬರಿನ ಬಿಲ್ಲೆ ಧರಿಸಬೇಕಾಯಿತು. ಗವರ್ನರನ ಒಪ್ಪಿಗೆಯಿಲ್ಲದೆ ಭೂಮಿ, ದನ ಅವರದಾಗುವಂತಿರಲಿಲ್ಲ.

ತೊಂದರೆ ಮತ್ತು ಪರಿಹಾರ

ತೊಂದರೆ: ಕೈಸರ್ ಉದಾರಿ, ಸಂಸತ್ತು ಬಲಿಷ್ಠ, ಆದರೂ ವಸಾಹತುಗಳು ಮೂಡುತ್ತಿವೆ.
ಪರಿಹಾರ: ಉತ್ಪನ್ನದಲ್ಲಿ ದೋಷವಿಲ್ಲ. ಅದು ಹಾಗೆಯೇ ಕೆಲಸ ಮಾಡುವುದು.

ತೊಂದರೆ: ಎಷ್ಟು ಹುಡುಕಿದರೂ ಪೆಟ್ಟಿಗೆಯಲ್ಲಿ ಆಫ್ರಿಕಾದವರು ಸಿಗುತ್ತಿಲ್ಲ.
ಪರಿಹಾರ: ತಯಾರಕರು ಹಾಕಿಲ್ಲ. ಗಂಟಲು, ಗುಂಡು, ಮಂತ್ರಿಮಂಡಲ ಎಲ್ಲವನ್ನೂ ಬರ್ಲಿನ್ನಿನಲ್ಲೇ ತಿರುಗಿಸುವಂತೆ ಇದರ ವಿನ್ಯಾಸವಿದೆ. ಬೇಕಿದ್ದವರು ಹೊರಗಿನಿಂದ ತರಬೇಕು.

ದೂರುಗಳು

ಹಳೆಯ ದೂರೊಂದು ಇನ್ನೂ ಬಾಕಿಯಿದೆ. 1884ರ ಜುಲೈಯಲ್ಲಿ ಕ್ಯಾಮರೂನಿನ ಡುವಾಲಾ ಮುಖಂಡರು ಜರ್ಮನ್ನರೊಡನೆ ಒಪ್ಪಂದ ಮಾಡಿಕೊಂಡಾಗ ತಮ್ಮ ಭೂಮಿ ತಮಗೇ ಎಂದು ನಂಬಿದ್ದರು. ಆಮೇಲೆ ಸರ್ಕಾರ ಅವರನ್ನು ನದೀತೀರದಿಂದ ಎಬ್ಬಿಸಲು ಹೊರಟಿತು. ಜರ್ಮನಿಯಲ್ಲಿ ಓದಿದ್ದ ದೊರೆ ರುಡಾಲ್ಫ್ ಡುವಾಲಾ ಮಂಗಾ ಬೆಲ್ ಕತ್ತಿ ಹಿಡಿಯಲಿಲ್ಲ. ಕರಾರನ್ನು ಮುಂದಿಟ್ಟು ರೈಖ್‌ಸ್ಟಾಗ್‌ಗೆ ಅರ್ಜಿ ಬರೆದ. ಉದಾರವಾದಿಗಳು ಹೊಗಳುವ ದಾರಿ ಅದೇ. 1914ರ ಆಗಸ್ಟ್ 8ರಂದು ರಾಜದ್ರೋಹದ ಹೆಸರಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ನೀವು ಜೋಡಿಸಿದ ಕೈಸರನ ಮೇಜಿನ ಮೇಲೆ ಮೊದಲು ಆ ಅರ್ಜಿಯನ್ನಿಡಿ. ಭೂಮಿ ನಿಮ್ಮದೇ, ಇಟ್ಟುಕೊಳ್ಳಿ ಎಂದು ಅವನು ಸಹಿ ಹಾಕಿ, ಅವನ ಸಂಸತ್ತು ಅದನ್ನು ಒಪ್ಪಿದರೆ ಜೋಡಣೆ ಸರಿಯಾಗಿದೆ. ಇಲ್ಲದಿದ್ದರೆ ನೀವು ಬದಲಿಸಿದ್ದು ಒಂದು ಗಂಟಲನ್ನು ಮಾತ್ರ. ಹಣ ವಾಪಸು ಕೊಡುವುದಿಲ್ಲ.